ದಾನೇಶ್ವರಿಯ ಏಳು ಹಾಡುಗಳ ಸಾಲು

ಹಾಡು ಕೇಳುವಾಗ ಕಳಕಮ್ಮ ಕಣ್ಣು ಮುಚ್ಚುವುದಿಲ್ಲ, ತಲೆದೂಗುವುದಿಲ್ಲ. ಹಾಡುವವರ ಜೊತೆ ಉಸಿರಾಡುತ್ತಾಳೆ. ಅಳವಂಡಿಯಲ್ಲಿ ಅವಳ ಅಪ್ಪ ಶ್ರಾವಣದ ತಿಂಗಳು ಪೂರ್ತಿ ಪುರಾಣ ಓದುತ್ತಿದ್ದರು. ಆರು ಸಾಲಿನ ಪದ್ಯಕ್ಕೆ ಎರಡೇ ಉಸಿರು. ಮೂರನೆಯದು ಬೇಕಾಯಿತೆಂದರೆ ಅಂದು ಅವರಿಗೆ ಊಟ ಸೇರುತ್ತಿರಲಿಲ್ಲ. ಎದುರು ಕೂತ ಮಗಳು ಅವರು ಎಳೆದಾಗ ಎಳೆದು, ಬಿಟ್ಟಾಗ ಬಿಟ್ಟು ಬೆಳೆದಳು. ಓದುವವರು ಎಲ್ಲಿ ದಣಿದರೆಂಬುದು ಅವಳ ಕಿವಿಗಿಂತ ಮೊದಲು ಎದೆಗೆ ತಿಳಿಯುತ್ತದೆ.

ತಂಗಿಯ ಮಗಳು ದಾನೇಶ್ವರಿಗೆ ಇದು ಗೊತ್ತಿತ್ತು. ದಾನೇಶ್ವರಿಯದು ಈಗ ಸಣ್ಣ ಹೆಸರಲ್ಲ. ಕುಷ್ಟಗಿಯಿಂದ ಗಂಗಾವತಿವರೆಗೆ ಯಾವ ಮದುವೆಯ ಡಿಜೆಯೂ, ಯಾವ ಟಂಟಂ ಗಾಡಿಯೂ ಅವಳ ದನಿಯಿಲ್ಲದೆ ಹೊರಡುವುದಿಲ್ಲ. ಹದಿನೆಂಟಕ್ಕೆ ಹಾಡಿದ ಮೊದಲ ಆಲ್ಬಮ್ಮಿನ ಹಕ್ಕು ಮಾತ್ರ ಕಂಪನಿಯವರ ಕೈಯಲ್ಲೇ ಉಳಿದಿತ್ತು. ತನ್ನ ಹಾಡಿಗೆ ತಾನೇ ಅಪ್ಪಣೆ ಕೇಳಬೇಕಾದ ಸಿಟ್ಟಿಗೆ, ಹದಿನಾಲ್ಕು ವರ್ಷಗಳ ಮೇಲೆ ಆ ಎಂಟೂ ಹಾಡುಗಳನ್ನು ಗಂಗಾವತಿಯ ಸ್ಟುಡಿಯೋ ಒಂದರಲ್ಲಿ ಹೊಸದಾಗಿ ಹಾಡುತ್ತಿದ್ದಳು. ಏಳು ಮುಗಿದಿದ್ದವು. ವಾರಕ್ಕೊಂದನ್ನು ಬಿಡುಗಡೆ ಮಾಡುವುದಿತ್ತು. ಏಳನ್ನೂ ದೊಡ್ಡವ್ವನ ಫೋನಿಗೆ ಕಳಿಸಿ, ಚೆನ್ನಾಗಿರುವುದು ಮೊದಲು, ಸಪ್ಪಗಿರುವುದು ಕಡೆಗೆ ಬರುವಂತೆ ಸಾಲು ಹಚ್ಚಿಕೊಡು ಎಂದಳು.

"ಮಂದಿ ಎಲ್ಲಾದಕ್ಕೂ ಬೆಂಕಿ ಅಂತಾರ. ನೀ ಸುಳ್ಳ ಹೇಳಂಗಿಲ್ಲ."

ಕಳಕಮ್ಮ ಮರುದಿನ ಪೂಜೆ ಮುಗಿಸಿ, ದೇವರ ಜಗಲಿಯ ಮುಂದೆಯೇ ಫೋನು ಇಟ್ಟುಕೊಂಡು ಕೂತಳು. ಹಳೆಯದನ್ನೊಮ್ಮೆ, ಹೊಸದನ್ನೊಮ್ಮೆ ಕೇಳಿದಳು. ಸಜ್ಜೆಯ ತೆನೆಯ ಹಾಡಿನಲ್ಲಿ ಹಳೆಯ ದಾನೇಶ್ವರಿ, ಹೊಸ ದಾನೇಶ್ವರಿ ಇಬ್ಬರ ಉಸಿರೂ ಒಂದೇ ಕಡೆ ಮುಗಿಯಿತು. ಅದನ್ನು ಮೊದಲಿಗೆ ಬರೆದಳು. ಹಿರೇಹಳ್ಳದ ಹಾಡಿನ ಚರಣವೊಂದರಲ್ಲಿ ಕೂದಲೆಳೆಯಷ್ಟು ಬಿರುಕು. ಅದು ಎರಡನೆಯದು. ಬೆಳ್ಳಕ್ಕಿ ಹಾಡಿನಲ್ಲಿ ಪದದ ನಡುವೆಯೇ ಉಸಿರು ಹೊಕ್ಕಿತ್ತು. ಹೀಗೆ ಇಳಿಯುತ್ತ ಇಳಿಯುತ್ತ ಕುಪ್ಪಸದ ಹಾಡಿಗೆ ಬಂದಾಗ ಪ್ರತಿ ಸಾಲೂ ಎರಡು ತುಂಡು. ವಾದ್ಯಗಳು ಅದನ್ನು ಮುಚ್ಚಿದ್ದವು, ಬೇರೆ ಯಾರಿಗೂ ಕೇಳಿಸುವಂತಿರಲಿಲ್ಲ. ಅವಸರಕ್ಕೆ ಹಾಡಿದ್ದಾಳೆಂದುಕೊಂಡು ಕಳಕಮ್ಮ ಅದನ್ನು ಏಳನೆಯದಕ್ಕೆ ಇಟ್ಟಳು. ಚೀಟಿಯ ಫೋಟೋ ತೆಗೆದು, ದಾನೇಶ್ವರಿ ಹೇಳಿದ್ದಂತೆ, ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವ ಕೊಟ್ರೇಶನಿಗೆ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಕೊಟ್ರೇಶನೇ ಫೋನು ಮಾಡಿದ. ನಗುತ್ತಿದ್ದ.

"ಅಮ್ಮಾರ, ನಿಮಗ ತಾರೀಕು ಯಾರು ಹೇಳಿದ್ರು?"

ಯಾವ ತಾರೀಕೆಂದು ಅವಳು ಕೇಳಿದಳು.

"ನೀವು ಬರದದ್ದು ನಾವು ರೆಕಾರ್ಡ್ ಮಾಡಿದ ಸಾಲ ಐತ್ರಿ. ಒಂದೂ ಹಿಂದ ಮುಂದ ಆಗಿಲ್ಲ. ಮೊದಲಿಂದು ಮೂರು ವಾರದ ಹಿಂದ, ಕಡೀದು ಮೊನ್ನಿ."

ಕಳಕಮ್ಮ ಚೀಟಿ ನೋಡಿದಳು. ಒಂದರಿಂದ ಏಳರವರೆಗೆ ಅವಳು ಬರೆದದ್ದು ಹಾಡುಗಳನ್ನಲ್ಲ, ಹುಡುಗಿಯ ಎದೆಯೊಳಗೆ ಏನೋ ಕುಸಿಯುತ್ತ ಬಂದ ದಿನಗಳನ್ನು. ಎಂಟನೆಯದು ಯಾವಾಗ ಎಂದು ಕೇಳಿದಳು. ಇವತ್ತೇ ಮಧ್ಯಾಹ್ನ ಎಂದ ಕೊಟ್ರೇಶ. ಗುಡ್ಡದ ಮೇಲಿನ ದೀಪದ ಹಾಡು. ಮೊದಲ ಸಾಲಿನ ಕೂಗನ್ನು ಒಂದೇ ಉಸಿರಿನಲ್ಲಿ ಎತ್ತಿ ಒಯ್ಯಬೇಕು. ಮಂದಿ ಕಾಯುತ್ತಿದ್ದದ್ದು ಅದಕ್ಕೇ. ದಾನೇಶ್ವರಿಗೆ ಎರಡು ಸಲ ಫೋನು ಹಚ್ಚಿದರೂ ಎತ್ತಲಿಲ್ಲ. ಕಳಕಮ್ಮ ಹಾಗೆಯೇ ಬಸ್ ಸ್ಟ್ಯಾಂಡಿಗೆ ಹೊರಟಳು. ಗಂಗಾವತಿಯ ದಾರಿಯ ಹಿಟ್ನಾಳದ ಟೋಲಿನಲ್ಲಿ ಬಸ್ಸು ನಿಂತಷ್ಟೂ ಹೊತ್ತು ಶಿವನಾಮ ಎಣಿಸಿದಳು. ಎಣಿಕೆ ನಡುನಡುವೆ ತಪ್ಪುತ್ತಿತ್ತು.

ಸ್ಟುಡಿಯೋದಲ್ಲಿ ದಾನೇಶ್ವರಿ ಬಿಸಿನೀರಿನ ಲೋಟ ಹಿಡಿದು ಗೋಡೆಗೆ ಒರಗಿ ಕೂತಿದ್ದಳು. ದೊಡ್ಡವ್ವ ಹೇಳಿದ್ದನ್ನೆಲ್ಲ ಕೇಳಿ ನಕ್ಕಳು. "ನನಗ ಮೂವತ್ತೆರಡು, ನಿನಗ ಅರವತ್ತಾರು. ಯಾರ ಉಸಿರು ನೋಡಬೇಕು?"

"ಹಂಗಂದ್ರ ಮುತ್ಯಾನ ಪುರಾಣದ ಪದ್ಯ ಹೇಳು. ನನ್ನ ಕೂಡ."

ಇಬ್ಬರೂ ಶುರು ಮಾಡಿದರು. ದಾನೇಶ್ವರಿ ಎರಡನೆಯ ಸಾಲಿಗೇ ನಿಂತಳು. ಕಳಕಮ್ಮ ಮೂರನೆಯದನ್ನೂ ಅದೇ ಉಸಿರಿನಲ್ಲಿ ಮುಗಿಸಿದಳು. ಕೊಟ್ರೇಶನ ನಗು ಹೋಗಿತ್ತು.

"ಮೆಟ್ಟಲ ಹತ್ತೂಮುಂದ ನಿಲ್ಲಬೇಕಾಗತೈತಿ," ಎಂದಳು ದಾನೇಶ್ವರಿ, ಲೋಟದೊಳಗೆ ನೋಡುತ್ತ. "ಅಡ್ಡಾದ್ರ ಎದಿ ಮ್ಯಾಲ ಯಾರೋ ಕುಂತಂಗ ಆಗತೈತಿ. ನಾಳೆ ಡಾಕ್ಟರ ಕಡೆ ಹೋಗೂಣು."

"ಇವತ್ತ ಹೋಗೂಣು. ಈಗ."

"ಅವರು ಹಾಡಬ್ಯಾಡ ಅಂದ್ರ?" ಅವಳ ದನಿ ಏರಲಿಲ್ಲ. "ಏಳು ನನ್ನವಾದ್ವು. ಎಂಟನೇದು ಕಂಪನಿಯವರ ಹತ್ರನ ಉಳೀತೈತಿ, ದೊಡ್ಡವ್ವ."

ಕಳಕಮ್ಮ ಅವಳ ಕೈ ಹಿಡಿದಳು. ಆ ಕೈ ಬಿಸಿನೀರಿನ ಲೋಟ ಹಿಡಿದಿದ್ದರೂ ತಣ್ಣಗಿತ್ತು. ದಾನೇಶ್ವರಿ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಗಾಜಿನ ಕೋಣೆಯೊಳಗೆ ಹೋದಳು. ದಪ್ಪ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ವಾದ್ಯ ಶುರುವಾಯಿತು. ಗಾಜಿನ ಆಚೆ ದಾನೇಶ್ವರಿ ತಲೆ ಎತ್ತಿದಳು, ಬಾಯಿ ತೆರೆದಳು. ಕೂಗು ಎದ್ದಿತು. ಹದಿನೆಂಟರ ಹುಡುಗಿಯದೇ ದನಿ, ಅಷ್ಟೇ ಎತ್ತರ. ಒಂದು ಕ್ಷಣ ಕಳಕಮ್ಮನಿಗೆ ತನ್ನ ಸಾಲು ಸುಳ್ಳೆನಿಸಿತು. ಆಮೇಲೆ ಕೊಟ್ರೇಶನ ಪರದೆಯ ಮೇಲೆ ದನಿ ತೋರಿಸುವ ಹಸಿರು ಗೆರೆ ಇಳಿದು ಮಲಗಿತು. ದಾನೇಶ್ವರಿಯ ಬಾಯಿ ಮಾತ್ರ ತೆರೆದೇ ಇತ್ತು.

ಮಷೀನಿನ ತಪ್ಪೆಂದುಕೊಂಡು ಕೊಟ್ರೇಶ ವಾದ್ಯ ನಿಲ್ಲಿಸಿ, ಗುಂಡಿ ತಿರುಗಿಸಿ ದನಿ ಏರಿಸಿದ. ತಳದಲ್ಲಿ ನೀರು ಗುಳುಗುಳು ಅಂದಂತೆ, ಎಳೆದೆಳೆದು ಬರುತ್ತಿದ್ದ ದಾನೇಶ್ವರಿಯ ಉಸಿರು ಕೋಣೆ ತುಂಬಿತು.

"ಗಾಡಿ ತರ್ರಿ," ಎಂದಳು ಕಳಕಮ್ಮ. ಆ ಭಾರದ ಬಾಗಿಲನ್ನು ಎರಡೂ ಕೈಯಿಂದ ಎಳೆಯತೊಡಗಿದಳು.