ಅಮರಪ್ಪನ ಮಡದಿ ಮೀಯುವ ಹಾಡು

ಹಂದರದೊಳಗೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿಯಾಗಿತ್ತು. ಮದುಮಗಳು ನಿಂಗಮ್ಮನನ್ನು ಆ ಸುರಗಿಯ ನಡುವೆ ಕೂಡಿಸಿ ಮುತ್ತೈದೆಯರು ಅರಿಷಿಣದ ಬಟ್ಟಲಿಗೆ ಕೈ ಅದ್ದಿದ್ದರು. ಹೊರಗೆ, ಗೋಡೆಯಾಚೆಯ ಕಲ್ಲಿನ ಮೇಲೆ ಕುಳಿತಿದ್ದ ಮರಿಲಿಂಗಮ್ಮ ಗೋಡೆಯ ಕಡೆ ಕಿವಿಗೊಟ್ಟಳು. ಇನ್ನೇನು ತನ್ನ ಮಗಳು ಮೋನಮ್ಮನ ದನಿ ಏಳಬೇಕು.

"ಯಾಕ ಹಂಗ ಕುಂತಿ? ನಿಂದೇ ಮದಿವಿ ಇದ್ದಂಗ ಮಾರಿ ಮಾಡೀಯಲ್ಲ" ಎಂದಳು ಖುರ್ಷೀದಬೇಗಂ. ಮದುವೆ ಮನೆಯವರಿಗೆಲ್ಲ ಬಳೆ ಇಡಿಸಿ, ಬುಟ್ಟಿ ಬದಿಗಿಟ್ಟು, ಗೆಳತಿಯ ಜೊತೆ ಚಹಾ ಕುಡಿಯುತ್ತಿದ್ದಳು.

"ಮೋನಿ ಮೊದಲನೇ ಸಲ ಹಾಡ್ತಾಳವ್ವಾ. ನಡಕ ನಿಂತಗಿಂತಾಳೋ ಏನೋ."

"ನಿನ್ನ ಹೊಟ್ಯಾಗ ಹುಟ್ಟಿ ನಡಕ ನಿಂತಾಳೇನ? ನೀ ಸುರು ಮಾಡಿದ್ರ ಅಡಗಿ ಸೀದು ಹೋದ್ರೂ ನಿಲ್ಲಸ್ತಿದ್ದಿಲ್ಲ."

ಶಿರವಾಳದಲ್ಲಿ ಮದುಮಗಳನ್ನು ಮೀಯಿಸುವ ಸುರಗಿ ಎಂದರೆ ಮರಿಲಿಂಗಮ್ಮನೇ ಹಾಡಬೇಕಿತ್ತು. ಗಂಡ ಅಮರಪ್ಪ ತೀರಿಕೊಂಡ ಮೇಲೆ ಯಾರೂ ಬೇಡ ಎನ್ನಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೆ. ಗಂಡ ಸತ್ತವಳು ಸುರಗಿಯ ನೂಲಿನ ಹತ್ತಿರ ಸುಳಿಯಬಾರದು, ಅರಿಷಿಣ ಮುಟ್ಟಬಾರದು. ಹೊರಗೆ ಕುಳಿತು ಉಂಡು ಹೋಗಬಹುದು. ಆಮೇಲಿನ ಮದುವೆಗಳಲ್ಲಿ ಹೆಂಗಸರು ಪದ ನೆನಪಾಗದೆ ಸಿನಿಮಾ ಹಾಡು ಗುನುಗಿ ನಕ್ಕಿದ್ದನ್ನು ಅವಳು ಇಂಥದೇ ಗೋಡೆಗಳಾಚೆ ಕುಳಿತು ಕೇಳಿದ್ದಳು.

ಹೀಗಿರುವಾಗ ಈ ಸಲ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಶಹಾಪುರದಿಂದ ತವರಿಗೆ ಬಂದ ಮೋನಮ್ಮ, "ಅವ್ವಾ, ಸೋಬಾನ ಪದ ನನಗ ಕಲಸು. ದೇವಕಮ್ಮತ್ತಿ ಮಗಳು ನಿಂಗಿ ಸುರಗಿಗಿ ನಾನೇ ಹಾಡ್ತೀನಿ" ಎಂದಿದ್ದಳು. ಮರಿಲಿಂಗಮ್ಮನಿಗೆ ಹೋದ ಜೀವ ಬಂದಂತಾಗಿತ್ತು. ದಿನವಿಡೀ ಕೆಸರಲ್ಲಿ ಬಗ್ಗಿ ಭತ್ತದ ಸಸಿ ಹಚ್ಚಿ ಬಂದವಳು ಸೊಂಟ ನೋವೆನ್ನದೆ ಒಲೆಯ ಮುಂದೆ ಹಾಡಲು ಕೂರುತ್ತಿದ್ದಳು. ಮಗಳು ತೊಡೆಯ ಮೇಲೆ ಮೊಬೈಲು ಇಟ್ಟುಕೊಂಡು ತಲೆಯಾಡಿಸುತ್ತಿದ್ದಳು. "ನೀನೂ ಅನ್ನು" ಎಂದರೆ, "ಮದ್ಲ ನೀ ಪೂರಾ ಹಾಡು, ಆಮ್ಯಾಗ ಅಂತೀನಿ" ಎನ್ನುತ್ತಿದ್ದಳು.

ಪ್ರತಿ ನುಡಿಯ ಕೊನೆಗೆ ಮೀಯುವವಳ ಹೆಸರು, ಅವಳ ಗಂಡನ ಹೆಸರು ಕೂಡಿಸಬೇಕು. ಹೆಸರು ಹಿಡಿಯದಿದ್ದರೆ ಆ ನೀರು ಮದುಮಗಳಿಗೆ ಸಲ್ಲುವುದಿಲ್ಲ. ಕಲಿಸುವಾಗ ಇನ್ಯಾರ ಹೆಸರು ಹಿಡಿಯುವುದು? ಮರಿಲಿಂಗಮ್ಮ ತನ್ನದನ್ನೇ ಹಿಡಿದಳು, ಅಮರಪ್ಪನದನ್ನೇ ಹಿಡಿದಳು. "ಅಲ್ಲಿ ನಿಂಗಿ ಹೆಸರು ಕೂಡಸಬೇಕು, ಮರೀಬ್ಯಾಡ" ಎಂದಿದ್ದಳು. ಮಗಳು ಹೂಂ ಎಂದಿದ್ದಳು.

ಒಳಗೆ ಗದ್ದಲ ಅಡಗಿತು. ಪದ ಎದ್ದಿತು.

"ಹಂದರದ ತುಂಬ ಹಳದಿ ಚೆಲ್ಯಾದ,
ಹೊಳಿ ನೀರು ಬಾಗಿಲಿಗಿ ಬಂದಾದ ಸೋಬಾನ,
ಅಮರಪ್ಪನ ಮಡದಿ ಮರಿಲಿಂಗಿ ಮೀಯ್ತಾಳ..."

ಖುರ್ಷೀದಬೇಗಂ ಚಹಾದ ಲೋಟ ಕೆಳಗಿಟ್ಟಳು. "ಅಯ್ಯ, ಇದು ನಿಂದೇ ಆವಾಜಲ್ಲೇನ ಮರಿಲಿಂಗಿ?"

ಅವಳದೇ. ಮೈಕಿಗೆ ಹಿಡಿದ ಮೊಬೈಲಿನಿಂದ ಅವಳದೇ ದನಿ, ನಡುವೆ ಒಲೆಯ ಹೊಗೆಗೆ ಬಂದ ಅವಳದೇ ಕೆಮ್ಮು. ಕೆಮ್ಮಿಗೆ ಯಾರೋ ಕಿಸಕ್ಕನೆ ನಕ್ಕರು. ಹೆಸರಿಗೆ ಯಾರೂ ನಗಲಿಲ್ಲ, ಯಾರೂ ತಡೆಯಲಿಲ್ಲ. ಅವಳನ್ನು ಹೊರಗೆ ಕೂಡಿಸಿದ ಹೆಂಗಸರೇ ಸತ್ತ ಅಮರಪ್ಪನ ಹೆಸರಿನ ಮೇಲೆ ನಿಂಗಮ್ಮನಿಗೆ ನೀರು ಹಾಕುತ್ತಿದ್ದರು.

ಪದ ಇನ್ನೂ ನಡೆದಿರುವಾಗಲೇ ಮೋನಮ್ಮ ಹೊರಗೆ ಓಡಿಬಂದಳು. ಕೆನ್ನೆ, ಕೈ ತುಂಬ ಅರಿಷಿಣ.

"ಕೇಳ್ದ್ಯಾ ಅವ್ವಾ? ಎಲ್ಲಾರೂ ನಿನ್ನ ಪದಾನೇ ಹೊಗಳಾಕತ್ತಾರ. ನನ್ನ ಮೊಬೈಲಿಗಿ ಕಳಸು, ನನಗ ಕಳಸು ಅಂತ ಒಂದೇ ಗದ್ಲ."

"ನೀ ಹಾಡ್ತೀನಿ ಅಂದಿದ್ದಿ."

"ಅದರಾಗ ಐತಲ್ಲ."

"ನಿನ್ನ ಬಾಯಾಗ?"

ಮೋನಮ್ಮನ ನಗು ಸಣ್ಣದಾಯಿತು. "ನಡಕ ಮರತ್ರ ನಗ್ತಾರಂತ ಅಂಜಿಕಿ ಆತವ್ವಾ. ತಲಿಯಾಗ ಇಟ್ಕೊಂಡಿದ್ದು ಮರತು ಹೋಗ್ತದ, ಅದರಾಗಿಂದು ಎಲ್ಲೀ ಹೋಗಂಗಿಲ್ಲ. ನಾಳಿ ನೀ ಇರದಿದ್ರೂ ಇರ್ತದ."

"ಮತ್ತ ನಿಂಗಿ ಹೆಸರು?"

"ಈಗ ಹೆಸರು ಯಾರ ಕೇಳ್ತಾರ ಬಿಡು."

ಮರಿಲಿಂಗಮ್ಮ ಮಗಳ ಮಣಿಕಟ್ಟು ಹಿಡಿದಳು. "ಒಂದ ನುಡಿ ಅನ್ನು. ಮೊದಲಿಂದು. ಒಂದೇ ಒಂದು."

"ಹಂದರದ ತುಂಬ..." ಎಂದು ಮೋನಮ್ಮ ಬಾಯಿ ತೆರೆದಳು. ಮುಂದಿನದು ಬರಲಿಲ್ಲ. ಇನ್ನೊಂದು ಕೈ ತಾನಾಗಿಯೇ ಸೊಂಟದಲ್ಲಿ ಮೊಬೈಲು ತಡಕಿತು, ಅದು ಒಳಗಿತ್ತು.

"ಮೋನೀ, ಪದ ನಿಂತೈತಿ. ಇನ್ನೊಮ್ಮಿ ಹಚ್ಚು ಬಾ!" ಒಳಗಿನಿಂದ ದೇವಕಮ್ಮ ಕೂಗಿದಳು. ಮಗಳು ಕೈ ಬಿಡಿಸಿಕೊಂಡು ಹೋದಳು. ಮರಿಲಿಂಗಮ್ಮನ ಬೆರಳುಗಳಿಗೆ ಮಗಳ ಕೈಯ ಅರಿಷಿಣ ಹತ್ತಿತ್ತು.

"ಏಳು, ಒಳಗ ನಡಿ" ಎಂದಳು ಖುರ್ಷೀದಬೇಗಂ. "ನೀನೇ ಹಾಡು. ಯಾವಾಕಿ ಏನಂತಾಳ ನಾನೂ ನೋಡ್ತೀನಿ."

ಮರಿಲಿಂಗಮ್ಮ ಏಳಲಿಲ್ಲ. ಬೆರಳುಗಳನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಒರೆಸಿದಳು.

ಒಳಗೆ ಅಮರಪ್ಪನ ಮಡದಿ ಮತ್ತೆ ಮೀಯತೊಡಗಿದಳು. ಗೋಡೆಯ ಬುಡದ ಕಿಂಡಿಯಿಂದ ಸುರಗಿಯ ನೀರು ಹಳದಿಯಾಗಿ ಹೊರಬಂದು, ಮಣ್ಣಿನಲ್ಲಿ ದಾರಿ ಮಾಡಿಕೊಳ್ಳುತ್ತ ಅವಳ ಪಾದದ ಕಡೆಗೆ ಹರಿಯಿತು. ಅವಳು ಕಾಲುಗಳನ್ನು ಕಲ್ಲಿನ ಮೇಲಕ್ಕೆ ಎಳೆದುಕೊಂಡು ಸೀರೆಯ ಅಂಚಿನಿಂದ ಮುಚ್ಚಿದಳು.