ಮೂರು ಅಲುಗು ಬಾಕಿ

"ದಾರಿ ಬಿಡಿ, ಸ್ವಲ್ಪ ದಾರಿ ಬಿಡಿ!" ಎನ್ನುತ್ತ ಆಮೆ ನಡುಮನೆಗೆ ನುಗ್ಗಿದಾಗ, ಸಾಣೆ ಮೇಸ್ತ್ರಿಯ ಶವದ ಸುತ್ತ ಕೂತಿದ್ದವರೆಲ್ಲ ದಡಬಡಿಸಿ ಎದ್ದರು. ಬ್ಯಾಂಡೇಜು ಕಾರ್ಖಾನೆಯಲ್ಲಿ ಮೆಷಿನ್ ನಡೆಸುವ ಆ ಮನುಷ್ಯನಿಗೆ ಆಮೆ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಬೆಂಕಿ ಬಿದ್ದರೂ ತಲೆ ಬಾಚಿಕೊಂಡೇ ಹೊರಗೆ ಬರುವ ಆಸಾಮಿ. ಅಂಥವನು ಇವತ್ತು ಕಾರ್ಖಾನೆ ಗೇಟಿನಿಂದ ಇಲ್ಲಿಯವರೆಗೂ ಓಡಿ ಬಂದಿದ್ದ.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ಅಣ್ಣ ಸಾಣೆ ಹಿಡಿದಿಟ್ಟ ಬ್ಲೇಡು ಮನೇಲಿ ಇದೆಯಾ?"

"ಹೊತ್ತು ಗೊತ್ತು ಇಲ್ವೇನೋ ನಿನಗೆ?" ಮೇಸ್ತ್ರಿಯ ತಮ್ಮ ರೇಗಿದ. "ನಾಲ್ಕು ಗಂಟೆಗೆ ಮಣ್ಣಿಗೆ ಒಯ್ಯಬೇಕು. ಇವನಿಗೆ ಬ್ಲೇಡಂತೆ!"

ಆಮೆ ಗೋಡೆ ಹಿಡಿದುಕೊಂಡು, ಉಸಿರು ಸಿಕ್ಕಷ್ಟು ಹೇಳಿದ. ನದಿಯಾಚೆಯ ಊರಲ್ಲಿ ಬೆಳಿಗ್ಗೆ ಸೇತುವೆ ಕುಸಿದು ಎರಡು ಬಸ್ಸು ಕೆಳಗೆ ಬಿದ್ದಿದ್ದವು. ಅಲ್ಲಿಯ ಆಸ್ಪತ್ರೆಯಲ್ಲಿ ಬ್ಯಾಂಡೇಜು ಮುಗಿಯುತ್ತ ಬಂದಿತ್ತು. ಕಾರ್ಖಾನೆಯ ಗೋದಾಮಿನಲ್ಲಿ ಬಟ್ಟೆಗೇನೂ ಬರವಿರಲಿಲ್ಲ. ಆದರೆ ಎಲ್ಲವೂ ಆಳುದ್ದದ ಸುರುಳಿ, ನಾಲ್ಕು ಬೆರಳಗಲಕ್ಕೆ ಸೀಳಿದರೆ ಮಾತ್ರ ಬ್ಯಾಂಡೇಜು. ಸೀಳುವ ಎಂಟು ಗುಂಡು ಬ್ಲೇಡುಗಳಲ್ಲಿ ಒಂದಕ್ಕೆ, ಬಟ್ಟೆಯೊಳಗೆ ಸೇರಿದ್ದ ಕಬ್ಬಿಣದ ಚೂರು ತಗಲಿ ಕಚ್ಚು ಬಿದ್ದಿತ್ತು.

"ಒಂದನ್ನೇ ಬದಲಾಯಿಸೋಕೆ ಆಗಲ್ಲ, ಎಂಟೂ ಒಂದೇ ಅಳತೇಲಿ ಸವೆದಿರಬೇಕು. ಲಾರಿ ಗೇಟಲ್ಲಿ ನಿಂತಿದೆ ಅತ್ತಿಗೆ. ಮೂರಕ್ಕೆ ಹೊರಡಬೇಕು."

"ಐದು ರೆಡಿ ಇದೆ," ಎಂದಳು ಮೇಸ್ತ್ರಿಯ ಹೆಂಡತಿ. "ಮೂರು ಬಾಕಿ."

ಆಮೆ ಅಲ್ಲೇ ಕುಸಿದು ಕೂತ. "ಅಯ್ಯೋ ಅಣ್ಣಾ, ಮುಗಿಸಿ ಹೋಗಬಾರದಿತ್ತಾ! ಅಂಥಾ ಕೈ ಇನ್ನೆಲ್ಲಿ ಹುಡುಕೋಣ?"

ಕೂತವರೆಲ್ಲ ತಲೆ ಆಡಿಸಿದರು. ಅಂಥಾ ಕೈ ಇಲ್ಲ ಬಿಡಿ, ಎಂದರು ಒಬ್ಬರಾದ ಮೇಲೆ ಒಬ್ಬರು. ಅವಳು ಗಂಡನ ಮುಖ ನೋಡಿದಳು.

*

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹಿತ್ತಲ ಕೋಣೆಗೆ ನೀರು ಒಯ್ದವಳು ಬಾಗಿಲಲ್ಲೇ ನಿಂತಿದ್ದಳು. ಮೇಸ್ತ್ರಿ ಬ್ಲೇಡಿನ ಅಂಚನ್ನು ಮಸೂರದ ಕೆಳಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸುತ್ತಿದ್ದ. ಮಸೂರದ ಮೇಲಿನ ತೊಗಲಿನ ಮುಚ್ಚಳವನ್ನು ಮಾತ್ರ ತೆಗೆದಿರಲಿಲ್ಲ.

"ಕಣ್ಣು ಕಾಣಲ್ವಾ ನಿಮಗೆ?"

"ಕಾಣತ್ತೆ ಕಣೆ. ನೀನು ಕಾಣ್ತೀಯ, ಬಾಗಿಲು ಕಾಣತ್ತೆ. ಬ್ಲೇಡಿನ ಅಂಚು ಮಾತ್ರ ಕಾಣಲ್ಲ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಕೈ ಹಿಡಿದ. "ಯಾರಿಗೂ ಹೇಳಬೇಡ. ಗೊತ್ತಾದ್ರೆ ನನ್ನ ಗೇಟು ಕಾಯೋಕೆ ಕೂರಿಸ್ತಾರೆ."

"ಕಣ್ಣು ಕಾಣದವರನ್ನ ಗೇಟು ಕಾಯೋಕೆ ಯಾರ್ರೀ ಕೂರಿಸ್ತಾರೆ?"

ಇಬ್ಬರಿಗೂ ನಗು ಉಕ್ಕಿ ಬಂತು. ನಕ್ಕು ನಕ್ಕು ಕೊನೆಗೆ ಅವನು ಅತ್ತ.

ಮರುದಿನದಿಂದ ಸಾಣೆ ಯಂತ್ರದ ಮುಂದಿನ ಸ್ಟೂಲು ಅವಳದಾಯಿತು. ಮೊದಲ ಬ್ಲೇಡು ಸುಟ್ಟು ನೀಲಿಯಾಯಿತು, ಎರಡನೆಯದು ಗರಗಸವಾಯಿತು. ಅವನು ಬೆನ್ನ ಹಿಂದೆ ಕೂತು ಸದ್ದು ಕೇಳುತ್ತಿದ್ದ. ತಪ್ಪಿದಾಗೆಲ್ಲ "ಹ್ಞೂಂ" ಎನ್ನುತ್ತಿದ್ದ. ಅಷ್ಟಕ್ಕೇ ಅವಳ ಕೈ ನಿಲ್ಲುತ್ತಿತ್ತು. ಮೂರನೆಯ ವರ್ಷಕ್ಕೆ ಹ್ಞೂಂ ಎನ್ನುವುದು ಅಪರೂಪವಾಯಿತು. ಕಾರ್ಖಾನೆಯವರು ಮನೆಗೆ ಬಂದು ಮೇಸ್ತ್ರಿಯ ಕೈಯನ್ನು ಹೊಗಳಿದಾಗ, ಅವನು ನಾಚಿ ನೆಲ ನೋಡುತ್ತಿದ್ದ. ಅವಳು ಟೀ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಸಂತೋಷವೇ ಆಗುತ್ತಿತ್ತು. ಆದರೂ ಲೋಟಗಳನ್ನು ಬೇಕಿದ್ದಕ್ಕಿಂತ ಜೋರಾಗಿ ತಿಕ್ಕಿ ತೊಳೆಯುತ್ತಿದ್ದಳು.

"ಒಂದಿನ ನಾನೇ ಎಲ್ಲರ ಮುಂದೆ ಹೇಳ್ತೀನಿ," ಎನ್ನುತ್ತಿದ್ದ ಅವನು. ಆ ದಿನ ಬಂದಿರಲಿಲ್ಲ.

*

"ಆ ಕೈ ನಂದು," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು. "ಆರು ವರ್ಷದಿಂದ ಬ್ಲೇಡು ಹರಿತ ಮಾಡ್ತಿರೋದು ನಾನು. ಅವರಿಗೆ ಕಣ್ಣು ಹೋಗಿತ್ತು. ಒಂದು ಗಂಟೆ ಟೈಮ್ ಕೊಡಿ."

ಮೈದುನನ ಮುಖ ಕೆಂಪಾಯಿತು. "ಏನು ಮಾತು ಅತ್ತಿಗೆ ಇದು? ಅಣ್ಣ ಇನ್ನೂ ಇಲ್ಲೇ ಮಲಗಿದ್ದಾನೆ! ಹಾಗಿದ್ರೆ ಆರು ವರ್ಷ ಅವನು ಮಾಡಿದ್ದೇನು?"

"ಕಲಿಸಿದ್ರು," ಎಂದು ಅವಳು ಹಿತ್ತಲ ಕೋಣೆಗೆ ನಡೆದಳು.

ಯಂತ್ರ ಗುಂಯ್ ಎಂದಿತು. ನಡುಮನೆಯಲ್ಲಿ ಕೂತವರು ಬೆಚ್ಚಿ ಶವದ ಕಡೆ ನೋಡಿದರು. ಮೇಸ್ತ್ರಿಯ ಮನೆ ಎಂದರೆ ಬೀದಿಯವರಿಗೆಲ್ಲ ಈ ಸದ್ದೇ. ಮುದುಕಿಯೊಬ್ಬಳು, "ಎದ್ದು ಕೆಲಸಕ್ಕೆ ಕೂತ ನೋಡಿ," ಎಂದು ಕಣ್ಣೊರೆಸಿಕೊಂಡಳು.

ಮೊದಲನೆಯದು ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಅವಳು ಹತ್ತಿಯ ಎಳೆಯೊಂದನ್ನು ಅಂಚಿನ ಸುತ್ತ ಮೆಲ್ಲಗೆ ಎಳೆದಳು. ಎಲ್ಲೂ ಸಿಕ್ಕಲಿಲ್ಲ. ಎರಡನೆಯದನ್ನು ಸಾಣೆಗೆ ಕೊಟ್ಟ ಸ್ವಲ್ಪ ಹೊತ್ತಿಗೇ ಬ್ಲೇಡನ್ನು ತಂಪಾಗಿಡುವ ನೀರು ತಳ ಕಂಡಿತ್ತು. ನಿಲ್ಲಿಸಿ ತರಲು ಹೊತ್ತಿಲ್ಲ, ನೀರಿಲ್ಲದಿದ್ದರೆ ಅಂಚು ಸುಡುತ್ತದೆ.

"ನೀರು!" ಎಂದು ಕೂಗಿದಳು.

ಹಿಂದಿನಿಂದ ಚೊಂಬು ಹಿಡಿದ ಕೈಯೊಂದು ಚಾಚಿಕೊಂಡಿತು. ಮೈದುನ! ಮುಖ ಗಂಟಿಕ್ಕಿಕೊಂಡೇ ಇದ್ದ. ಆದರೂ ದಾರದಷ್ಟು ಸಣ್ಣಗೆ, ನಿಲ್ಲಿಸದೆ ಹುಯ್ಯತೊಡಗಿದ.

ಮೂರನೆಯದು ಅರ್ಧಕ್ಕೆ ಬಂದಿತ್ತು. ಬಾಗಿಲಲ್ಲಿ ಆಮೆ, "ಗಂಟೆ ಎರಡಾಗ್ತಾ ಬಂತು ಅತ್ತಿಗೆ," ಎಂದ. ಆಗಲೇ ಸದ್ದಿನೊಳಗೆ ಏನೋ ತೊದಲಿದಂತಾಯಿತು. ಕೂದಲೆಳೆಯಷ್ಟು. ಬೆನ್ನ ಹಿಂದಿನಿಂದ ಹ್ಞೂಂ ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಇನ್ನು ಯಾವತ್ತೂ ಬರುವುದಿಲ್ಲ ಎಂಬುದು ಬೆಳಗಿನಿಂದ ಮೊದಲ ಬಾರಿಗೆ ಅವಳಿಗೆ ತಟ್ಟಿತು.

"ಹ್ಞೂಂ," ಎಂದಳು ತಾನೇ. ಯಂತ್ರ ನಿಲ್ಲಿಸಿದಳು.

"ಯಾಕೆ? ಚೆನ್ನಾಗೇ ಇತ್ತಲ್ಲ?" ಎಂದ ಮೈದುನ.

ಅವಳು ಬ್ಲೇಡು ಬಿಚ್ಚಿ ಹಿಂಬದಿಯನ್ನು ಬೆರಳಿಂದ ಸವರಿದಳು. ಸಾಸಿವೆಗಿಂತ ಸಣ್ಣದೊಂದು ಲೋಹದ ಹರಳು ಅಂಟಿಕೊಂಡಿತ್ತು. ಅದರಿಂದಲೇ ಬ್ಲೇಡು ಓರೆಯಾಗಿ ಕೂತಿತ್ತು. ಒರೆಸಿ, ಮತ್ತೆ ಬಿಗಿದು, ಯಂತ್ರ ಹಾಕಿದಳು. ಈಗ ಸದ್ದು ಎಲ್ಲೂ ಒಡೆಯದೆ ಒಂದೇ ಸಮ ಹರಿಯಿತು.

ಎಂಟೂ ಬ್ಲೇಡನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಎದೆಗವುಚಿಕೊಂಡು ಆಮೆ ಓಡಿದ.

ಆಮೇಲಿನ ಮುಕ್ಕಾಲು ಗಂಟೆ ನಡುಮನೆಯಲ್ಲಿ ಎಲ್ಲರ ಕಣ್ಣೂ ಮೈದುನನ ಫೋನಿನ ಮೇಲೇ ಇತ್ತು. ಅವಳು ಬಂದು ಗಂಡನ ಕಾಲ ಬಳಿ ಕೂತಳು. ಫೋನು ಬಡಿದುಕೊಂಡಾಗ ಮೈದುನ ಕಿವಿಗಿಟ್ಟುಕೊಂಡ. ಆಮೆ ಕಿರುಚುತ್ತಿದ್ದದ್ದು ಕೋಣೆಗೆಲ್ಲ ಕೇಳಿತು:

"ಬೆಣ್ಣೆ ಕಣ್ರೀ, ಬೆಣ್ಣೆ! ಒಂದೇ ಒಂದು ದಾರ ಎದ್ದಿಲ್ಲ! ಮೊದಲ ಲೋಡು ಲಾರಿಗೆ ಹತ್ತುತ್ತಾ ಇದೆ!"

ಯಾರೋ ಚಪ್ಪಾಳೆ ತಟ್ಟಿಬಿಟ್ಟರು. ತಟ್ಟಿದವರು ನಾಲಿಗೆ ಕಚ್ಚಿಕೊಳ್ಳುವುದರೊಳಗೆ ಇನ್ನೂ ನಾಲ್ಕು ಜನ ತಟ್ಟಿದ್ದರು. ಮೈದುನ ಫೋನು ಕೆಳಗಿಟ್ಟು ಅಣ್ಣನ ಕಡೆ ಬಗ್ಗಿದ. "ಕಳ್ಳ," ಎಂದ, "ನನಗಾದರೂ ಹೇಳಬಾರದಿತ್ತಾ?" ಎನ್ನುತ್ತ ಚಾದರದ ಮೇಲೆ ಮುಖ ಒತ್ತಿದ.

ಮೇಸ್ತ್ರಿಯನ್ನು ಮಣ್ಣಿಗೆ ಒಯ್ಯುವಾಗ ನಾಲ್ಕೂವರೆ ದಾಟಿತ್ತು. ಕಾರ್ಖಾನೆಯಿಂದ ಪಾಳಿ ಮುಗಿಸಿದವರೆಲ್ಲ ನೇರವಾಗಿ ಅಲ್ಲಿಗೇ ಬಂದಿದ್ದರು. ಮಣ್ಣು ಮುಚ್ಚಿದ ಮೇಲೆ ಸಾಲಾಗಿ ಬಂದು ಅವಳ ಕೈ ಹಿಡಿದರು. ಏನು ಹೇಳಬೇಕೆಂದು ತೋಚದೆ ಕೆಲವರು ಎರಡೂ ಕೈಯಲ್ಲಿ ಗಟ್ಟಿಯಾಗಿ ಅದುಮಿದರು. ಕೈ ತೊಳೆಯಲು ಅವಳಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಸಾಣೆಯ ಕಪ್ಪು ಮಸಿ ಒಬ್ಬೊಬ್ಬರ ಅಂಗೈಗೂ ಹತ್ತಿತು. ಕೊನೆಯಲ್ಲಿ ಬಂದ ಮ್ಯಾನೇಜರು ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿದ್ದ. ಅವಳ ಕೈ ಬಿಟ್ಟು ನಾಲ್ಕು ಹೆಜ್ಜೆ ಹೋದವನು, ಬಲ ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದ. ಎಡಗೈ ಜೇಬಿನ ಕರವಸ್ತ್ರದವರೆಗೂ ಹೋಗಿ, ಅಲ್ಲೇ ನಿಂತಿತು. ಅವನ ಮುಂದೆ ರಸ್ತೆಯುದ್ದಕ್ಕೂ ಜನ, ಕರಿ ಅಂಗೈಗಳನ್ನು ಬಟ್ಟೆಗೆ ತಾಕದಂತೆ ಚೂರು ದೂರ ಹಿಡಿದುಕೊಂಡು, ಒರೆಸಿಕೊಳ್ಳದೆ ಮನೆ ಕಡೆ ನಡೆಯುತ್ತಿದ್ದರು.