ಹೆಬ್ಬಾವಿನ ಶ್ರಾವಣ ವ್ರತ

ನೀಲಾಂಬಿಕೆ ಬೆಳಿಗ್ಗೆ ನನ್ನ ನೀರಿನ ಬಟ್ಟಲನ್ನು ತೊಳೆಯಲು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಬಟ್ಟಲಿನ ಅಂಚಿನಿಂದ ನನ್ನ ತುಟಿಯವರೆಗೆ ಲೋಳೆಯ ಎಳೆಯೊಂದು ತೂಗುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿದರೂ ಅವಳು ಕದಲಲಿಲ್ಲ. ಈ ಮನೆಯಲ್ಲಿ ಕಣ್ಣಿದ್ದವಳು ಅವಳೊಬ್ಬಳೇ. ಅದನ್ನು ಬಳಸಲು ಅವಳಿಗೂ ಇಷ್ಟು ದಿನ ಬೇಕಾಯಿತು.

ನಾನು ಒಂದು ಬಾಲ್ ಪೈಥಾನ್, ಪರದೇಶದ ಪುಟ್ಟ ಹೆಬ್ಬಾವು. ಯಾರದೋ ಮಹಡಿ ಕೋಣೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಟ್ಟೆಯೊಡೆದು ಬಂದೆ. ನೀಲಾಂಬಿಕೆಯ ಗಂಡ ಗಿರಿಜಾಪತಿ ನನ್ನನ್ನು ಕಾಗದಪತ್ರ ಸಮೇತ ತುಮಕೂರಿಗೆ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟ. ಸಾಕುವುದೆಂದರೆ ಅವನ ಪಾಲಿಗೆ ನನ್ನನ್ನು ಕೊರಳಿಗೆ ಸುತ್ತಿಕೊಂಡು ಫೋಟೊ ತೆಗೆಸಿಕೊಳ್ಳುವುದು. ಕ್ಯಾಮೆರಾದ ದೀಪಕ್ಕೆ ಪ್ಲಗ್ ಬೇಕಾದಾಗ ನನ್ನ ಪೆಟ್ಟಿಗೆ ಬೆಚ್ಚಗಿಡುವ ಹೀಟರಿನ ವಯರು ಕಿತ್ತ. ಮತ್ತೆ ಸಿಕ್ಕಿಸಲು ಮರೆತ. ಚಳಿಯಿಂದ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತ ಪೆಟ್ಟಿಗೆಯ ಜಾಲರಿ ಮುಚ್ಚಳಕ್ಕೆ ಮೂತಿ ಉಜ್ಜಿದೆ. ಗೀರಾಯಿತು, ವಸಡು ಕೆಂಪಾಯಿತು, ಕೀವು ತುಂಬಿತು. ಬಾಯಿ ಪೂರ್ತಿ ಮುಚ್ಚಲೂ ಆಗದಾಯಿತು. ಇಲಿಯನ್ನು ಮುಂದಿಟ್ಟರೆ ಮುಖ ತಿರುಗಿಸಿದೆ.

ಆಗ ಶ್ರಾವಣ ಹಿಡಿದಿತ್ತು. ಗಿರಿಜಾಪತಿಯ ತಾಯಿ ಬಸಲಿಂಗಮ್ಮ ಗಲ್ಲ ಬಡಿದುಕೊಂಡರು.

"ಮಾಂಸ ಬಿಟ್ಟಿದೆ ನೋಡೋ! ವ್ರತ ಹಿಡಿದಿದೆ. ನಮ್ಮನೆ ಉಪ್ಪಿನ ಗುಣ."

ನಾನು ಅವರ ಮನೆಯ ಉಪ್ಪು ತಿಂದವನಲ್ಲ, ಬಾಲ್ಕನಿಯ ಫ್ರಿಜ್ಜಿನಲ್ಲಿಟ್ಟ ಇಲಿ ತಿಂದವನು. ಆದರೂ ಬೀದಿಯವರೆಲ್ಲ ಬಂದರು. ಗಾಜಿಗೆ ಅರಿಶಿನ ಕುಂಕುಮ ಹಚ್ಚಿದರು, ಬಟ್ಟಲಿಗೆ ಹಾಲು ಸುರಿದರು. ನನಗೆ ರೆಪ್ಪೆಗಳಿಲ್ಲ; ಆದ್ದರಿಂದ ಅವರ ಮೂರ್ಖತನದ ಒಂದು ಕ್ಷಣವೂ ತಪ್ಪಿಹೋಗಲಿಲ್ಲ. ಎಂಟು ವರ್ಷದ ಮಗಳು ಐಸಿರಿ ಏನೋ ಕೇಳಲು ಬಾಯಿ ತೆರೆದಾಗಲೆಲ್ಲ, "ಮೊದ್ಲು ಕೈ ಮುಗಿ" ಎಂದು ಅಜ್ಜಿ ಅವಳ ಬಾಯಿ ಮುಚ್ಚಿಸುತ್ತಿದ್ದರು.

ಹೀಗೆ ಎರಡು ವಾರ ಕಳೆದ ಮೇಲೆ ನೀಲಾಂಬಿಕೆ ಬಟ್ಟಲು ಎತ್ತಿದ ಆ ಬೆಳಗು ಬಂತು.

"ಏನ್ರೀ, ಇದರ ಬಾಯಿ ನೋಡಿ."

"ಹಾಲು ಅಂಟಿರ್ಬೇಕು ಕಣೆ," ಎಂದ ಗಿರಿಜಾಪತಿ, ಫೋನಿನಿಂದ ತಲೆಯೆತ್ತದೆ.

ಅವಳು ನನ್ನನ್ನು ದಿಂಬಿನ ಚೀಲದಲ್ಲಿ ಹಾಕಿಕೊಂಡು ಪಶುವೈದ್ಯರ ಬಳಿಗೆ ನಡೆದಳು. ಅವರು ತೆಳು ಕಡ್ಡಿಯಿಂದ ನನ್ನ ಬಾಯಿ ಬಿಡಿಸಿದರು.

"ಕೀವು ಗಿಣ್ಣಿನ ಹಾಗೆ ಗಟ್ಟಿಯಾಗಿದೆ. ಇನ್ನೊಂದು ವಾರ ಬಿಟ್ಟಿದ್ರೆ ದವಡೆ ಮೂಳೆಗೇ ಇಳೀತಿತ್ತಮ್ಮ. ಉಳೀತಿರಲಿಲ್ಲ."

ಕೀವು ತೆಗೆದು, ನೀರು ಬೆರೆಸಿದ ಅಯೋಡಿನ್‌ನಿಂದ ತೊಳೆದು, ಇಂಜೆಕ್ಷನ್ ಕೊಟ್ಟರು. ಪೆಟ್ಟಿಗೆ ತಣ್ಣಗಾಗಬಾರದು ಎಂದರು. ಮನೆಗೆ ಬಂದವಳೇ ನೀಲಾಂಬಿಕೆ ಹೀಟರಿನ ಪ್ಲಗ್ ಮತ್ತೆ ಸಿಕ್ಕಿಸಿದಳು. ಅಂದಿನಿಂದ ಪಾತ್ರೆ ತೊಳೆಯುವುದಕ್ಕೂ ಬಟ್ಟೆ ಒಣಹಾಕುವುದಕ್ಕೂ ನಡುವೆ ನೀಲಾಂಬಿಕೆ ನನ್ನ ಬಾಯಿ ತೊಳೆದಳು. "ಆಯ್ತು ಮಗಾ, ಇಷ್ಟೇ." ನಾನು ಯಾರ ಮಗನೂ ಅಲ್ಲ. ಆದರೂ ಅವಳನ್ನು ಕಚ್ಚಲಿಲ್ಲ.

ಶ್ರಾವಣದ ಕೊನೆಯ ಸೋಮವಾರ ಇಲಿ ನುಂಗಿದೆ.

"ಅಯ್ಯೋ, ವ್ರತ ಕೆಡಿಸಿಬಿಟ್ಯಲ್ಲೇ!" ಎಂದು ಬಸಲಿಂಗಮ್ಮ ಸೊಸೆಯ ಮೇಲೆ ಹರಿಹಾಯ್ದರು. ಗಿರಿಜಾಪತಿ ಕ್ಯಾಮೆರಾದ ದೀಪ ಹಿಡಿದು ಪ್ಲಗ್ ಹುಡುಕುತ್ತ ಬಂದ. ಐಸಿರಿ ನನ್ನ ಹೀಟರಿನ ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತಳು. ಈ ಸಲ ಯಾರಿಗೂ ಅವಳ ಬಾಯಿ ಮುಚ್ಚಿಸಲಾಗಲಿಲ್ಲ.

"ಹಲ್ಲು ನೋವಾಗಿ ನಾನು ಊಟ ಬಿಟ್ಟಾಗ ಟಾರ್ಚ್ ಹಾಕಿ ಬಾಯಿ ನೋಡಿದ್ರಿ. ಇದು ಊಟ ಬಿಟ್ಟಾಗ ಯಾಕಜ್ಜಿ ಕೈ ಮುಗಿದ್ರಿ?"